ಗಗನಮಾರ್ಗವೂ ದೇಹದ ಗಡಿಯಾರವೂ

ಬೆಂಗಳೂರಿಗೂ ಅಮೆರಿಕದ ಪಶ್ಚಿಮ ತೀರದ ಸ್ಯಾನ್ ಫ್ರಾನ್ಸಿಸ್ಕೋ ನಗರಕ್ಕೂ ನಡುವಣ ಅಂತರ ಸುಮಾರು 14,000 ಕಿಲೋಮೀಟರು. ಭೂಮಿಯ ಸುತ್ತಳತೆಯೇ 40,000 ಕಿಲೋಮೀಟರಾಗಿರುವುದರಿಂದ ಯಾವ ಊರೂ ನಮಗೆ 20,000ಕ್ಕಿಂತ ದೂರವಿರಲಾರದೆಂಬುದನ್ನು ನೆನೆದರೆ, ನಮ್ಮ ಎಷ್ಟೋ ಮನೆಗಳ ಮಕ್ಕಳು ನೆಲೆನಿಂತಿರುವ ಆ ಕಡಲತಡಿ ಎಷ್ಟು ದೂರದ್ದೆಂಬುದು ಮನವರಿಕೆಯಾಗುತ್ತದೆ.

ಗೋಡೆಯ ಭೂಪಟವನ್ನೇ ನಂಬಿದವರಿಗೆ ಈ ದಾರಿಯ ನಿಜಸ್ವರೂಪ ತಿಳಿಯದು. 1569ರಲ್ಲಿ ಭೂಪಟಕಾರ ಮರ್ಕೇಟರ್ ನಾವಿಕರ ಅನುಕೂಲಕ್ಕಾಗಿ ರೂಪಿಸಿದ ಕ್ರಮದ ಪಟದಲ್ಲಿ ಎರಡು ನಗರಗಳ ನಡುವೆ ಎಳೆದ ಸರಳರೇಖೆಯು ಪೂರ್ವಾಭಿಮುಖವಾಗಿ ಶಾಂತಸಾಗರವನ್ನು ಹಾಯ್ದು ಹೋಗುತ್ತದೆ. ಆದರೆ ಮಕ್ಕಳ ಮೇಜಿನ ಮೇಲಿನ ಗೋಲವನ್ನು ತೆಗೆದುಕೊಂಡು, ಹೂ ಕಟ್ಟುವ ದಾರದ ಎರಡು ತುದಿಗಳನ್ನು ಎರಡೂ ಊರುಗಳ ಮೇಲೆ ಒತ್ತಿಹಿಡಿದು ಬಿಗಿಯಾಗಿ ಎಳೆದರೆ, ದಾರವು ತಾನಾಗಿಯೇ ಉತ್ತರಕ್ಕೆ ಜಾರಿ, ಹಿಮಾಲಯವನ್ನು ದಾಟಿ, ಸೈಬೀರಿಯದ ಹಿಮಪ್ರದೇಶದಲ್ಲಿ ಉತ್ತರಧ್ರುವವೃತ್ತದ ಒಳಹೊಕ್ಕು, ಅಲಾಸ್ಕದ ಮೇಲಿಂದ ಕೆಳಗಿಳಿಯುತ್ತದೆ. ಬಾಗಿದಂತೆ ತೋರುವ ಈ ಮಾರ್ಗವೇ ಪಟದ ನೇರದಾರಿಗಿಂತ ಸುಮಾರು 2,000 ಕಿಲೋಮೀಟರು ಹತ್ತಿರದ್ದು! ವಿಮಾನಗಳು ಗಾಳಿಯ ದಿಕ್ಕನ್ನೂ ಆಯಾ ದೇಶಗಳ ಆಕಾಶದ ಅನುಮತಿಯನ್ನೂ ನೋಡಿಕೊಂಡು ಈ ದಾರದಿಂದ ಆಚೀಚೆ ಸರಿಯುವುದುಂಟು. 2021ರ ಜನವರಿಯಲ್ಲಿ ಮಹಿಳಾ ಪೈಲಟ್‌ಗಳೇ ನಡೆಸಿದ ಏರ್ ಇಂಡಿಯಾ ವಿಮಾನವೊಂದು ಸ್ಯಾನ್ ಫ್ರಾನ್ಸಿಸ್ಕೋದಿಂದ ಹೊರಟು, ಉತ್ತರಧ್ರುವದ ಮೇಲೆಯೇ ಹಾದು, ಎಲ್ಲಿಯೂ ಇಳಿಯದೆ ಸುಮಾರು 17 ಗಂಟೆಗಳಲ್ಲಿ ಬೆಂಗಳೂರನ್ನು ಸೇರಿದ ಸುದ್ದಿಯನ್ನೋದಿದಾಗ ನನಗುಂಟಾದ ಹರ್ಷ ಇನ್ನೂ ಮಾಸಿಲ್ಲ.

ಹಡಗಿನ ಕಾಲದ ಪಯಣ ಇಷ್ಟು ಬೇಗನೆ ಮುಗಿಯುತ್ತಿರಲಿಲ್ಲ. 1893ರ ಮೇ 31ರಂದು ಮುಂಬಯಿಯಲ್ಲಿ ಹಡಗೇರಿದ ಸ್ವಾಮಿ ವಿವೇಕಾನಂದರು ಕೊಲಂಬೊ, ಸಿಂಗಪುರ, ಹಾಂಗ್‌ಕಾಂಗ್, ಜಪಾನುಗಳನ್ನು ಕಂಡು ಕೆನಡಾದ ವ್ಯಾಂಕೂವರಿನಲ್ಲಿ ಕಾಲಿಟ್ಟದ್ದು ಜುಲೈ 25ರಂದು. ಆ ಎಂಟು ವಾರಗಳ ಪ್ರಯಾಣದಲ್ಲಿ ಕಡಲಿನ ಬಣ್ಣ, ಜನರ ಉಡುಗೆ, ಸೂರ್ಯೋದಯದ ಹೊತ್ತು ಎಲ್ಲವೂ ದಿನದಿನಕ್ಕೆ ತುಸುತುಸುವೇ ಬದಲಾಗಿ, ದೇಹವೂ ಮನಸ್ಸೂ ಜೊತೆಜೊತೆಯಾಗಿಯೇ ಪರದೇಶವನ್ನು ಮುಟ್ಟುತ್ತಿದ್ದುವು. ಇಂದಿನ ಪಯಣಿಗನಿಗೆ ಆ ಭಾಗ್ಯವಿಲ್ಲ. ಚಳಿಗಾಲದಲ್ಲಿ ಬೆಂಗಳೂರು, ಸ್ಯಾನ್ ಫ್ರಾನ್ಸಿಸ್ಕೋ ನಗರಗಳ ಗಡಿಯಾರಗಳಿಗೆ ಹದಿಮೂರೂವರೆ ಗಂಟೆಗಳ ವ್ಯತ್ಯಾಸವಿರುವುದರಿಂದ, ಮಧ್ಯಾಹ್ನ 2 ಗಂಟೆಗೆ ಇಲ್ಲಿಂದ ಹೊರಟು 16 ಗಂಟೆ ಹಾರಿದವನು ಅದೇ ತಾರೀಖಿನ ಸಂಜೆ ನಾಲ್ಕೂವರೆಗೆ ಅಲ್ಲಿ ಇಳಿಯುತ್ತಾನೆ. ಒಂದು ಇಡೀ ರಾತ್ರಿಯನ್ನು ಪಂಚಾಂಗ ಲೆಕ್ಕಕ್ಕೇ ಹಿಡಿಯುವುದಿಲ್ಲ, ದೇಹ ಮಾತ್ರ ಅದನ್ನು ಮರೆಯುವುದಿಲ್ಲ.

ಕಳೆದ ಡಿಸೆಂಬರಿನಲ್ಲಿ ಅಲ್ಲಿಂದ ಬಂದ ನನ್ನ ತಂಗಿಯ ಮಗಳು ರಾತ್ರಿ ಮೂರು ಗಂಟೆಗೆ ಅಡಿಗೆಮನೆಯ ದೀಪ ಹಾಕಿ, ಮಣೆಯ ಮೇಲೆ ಕುಳಿತು, ಡಬ್ಬಿಯಿಂದ ಚಕ್ಕುಲಿ ತೆಗೆದು ಸದ್ದಾಗದಂತೆ ಮುರಿಯುತ್ತಿದ್ದಳು. “ಮಾವ, ಅಲ್ಲಿ ಈಗ ಮಧ್ಯಾಹ್ನದ ಊಟದ ಹೊತ್ತು,” ಎಂದಳು. ಮರುದಿನ ಹತ್ತು ಗಂಟೆಗೆ ನೆಂಟರ ಮನೆಯ ಸೋಫಾದಲ್ಲಿ, ಎಲ್ಲರೂ ಅವಳನ್ನೇ ಮಾತನಾಡಿಸುತ್ತಿರುವಾಗ, ಕಣ್ಣು ತೆರೆದಿಡಲಾರದೆ ಒದ್ದಾಡಿದಳು. ವಿಮಾನವು ಒಂದೇ ಹಗಲಿರುಳಿನಲ್ಲಿ ದಾಟಿದ ಆ ವ್ಯತ್ಯಾಸವನ್ನು ದೇಹವು ದಿನಕ್ಕೆ ಸುಮಾರು ಒಂದು ಗಂಟೆಯಂತೆ ಮಾತ್ರ ದಾಟಬಲ್ಲದು. ರಜೆ ಮೂರು ವಾರದ್ದಾದರೆ, ಅದರ ಮೊದಲ ವಾರವಾದರೂ ದಾರಿಗೇ ಸೇರಿದ್ದೆಂದು ನಾವು ಒಪ್ಪಿಕೊಳ್ಳಬೇಕು.

ಆದುದರಿಂದ ದೂರದಿಂದ ಮಕ್ಕಳು ಬಂದಿರುವ ಮನೆಯವರಲ್ಲಿ ನನ್ನದೊಂದು ಬಿನ್ನಹ: ಮೊದಲ ನಾಲ್ಕು ದಿನ ಅವರನ್ನು ಯಾರ ಮನೆಗೂ ಕರೆದೊಯ್ಯಬೇಡಿ, ಹಗಲು ನಿದ್ದೆಹೋದರೆ ಬೇಸರಿಸಬೇಡಿ; ರಾತ್ರಿಗೆಂದು ಒಂದಿಷ್ಟು ಅನ್ನ, ಮೊಸರು ಮುಚ್ಚಿಡಿ.