ಎರಡು ಪೆಟ್ಟಿಗೆಗಳು

ನಮ್ಮ ಮನೆಯಲ್ಲಿ ಹಾರ್ಮೋನಿಯಂ ಪೆಟ್ಟಿಗೆಗಳು ಎರಡಿವೆ. ಸಂಗೀತ ಬಲ್ಲವರು ಒಬ್ಬರೇ. ಆ ಒಬ್ಬರು ನಾನಲ್ಲ, ನಮ್ಮ ಅಣ್ಣಯ್ಯ. ಪೆಟ್ಟಿಗೆಗಳ ಧೂಳು ಒರೆಸುವುದು, ಯಾರೂ ಇಲ್ಲದಾಗ ಕದ್ದು ಒಂದೆರಡು ಮನೆ ಒತ್ತಿ ನೋಡುವುದು, ಇಷ್ಟು ಮಾತ್ರ ನನ್ನ ಪಾಲಿಗೆ ಬಂದ ಅಧಿಕಾರ. ಆದರೂ ದೇವಸ್ಥಾನದ ಕಸ ಗುಡಿಸುವವನಿಗೆ ದೇವರ ಪರಿಚಯ ಅರ್ಚಕರಿಗಿಂತ ಕಡಮೆಯೇನೂ ಇರಲಾರದು. ಆ ಧೈರ್ಯದಿಂದ ಈ ನಾಲ್ಕು ಮಾತು ಬರೆಯುತ್ತಿದ್ದೇನೆ.

ದೊಡ್ಡ ಪೆಟ್ಟಿಗೆ ಅಣ್ಣಯ್ಯನವರದು. ಯಾವುದೋ ನಾಟಕ ಕಂಪನಿ ಮುಚ್ಚಿ ಅದರ ಸಾಮಾನು ಹರಾಜಾದಾಗ, ತಮ್ಮ ಮೊದಲ ವರ್ಷದ ಸಂಬಳದ ಉಳಿತಾಯವನ್ನೆಲ್ಲ ಸುರಿದು ತಂದದ್ದು. ಮೂರು ಸಾಲು ರೀಡು, ತೇಗದ ಮೈ. ಎತ್ತಿಡಲು ಇಬ್ಬರು ಬೇಕು. ಮೈಕು ಇಲ್ಲದ ಕಾಲದಲ್ಲಿ ಕಟ್ಟಕಡೆಯ ಸಾಲಿನ ನಾಲ್ಕಾಣೆ ಪ್ರೇಕ್ಷಕನ ಕಿವಿಗೂ ಷಡ್ಜ ಮುಟ್ಟಿಸಬೇಕಾಗಿದ್ದ ಪೆಟ್ಟಿಗೆ ಅದು. ಸಣ್ಣದು ನಮ್ಮ ತಾಯಿಯದು. ಒಂದೇ ಸಾಲು ರೀಡು, ಸೌಮ್ಯ ದನಿ. ಅಣ್ಣಯ್ಯ ಅದಕ್ಕೆ “ಅಡಿಗೆಮನೆ ಪೆಟ್ಟಿಗೆ” ಎಂದು ಹೆಸರಿಟ್ಟಿದ್ದರು. ತಾಯಿ ಹೋದ ಮೇಲೆ ಅದು ಅಟ್ಟ ಸೇರಿತ್ತು.

ಈ ವಾದ್ಯದ ವಂಶವೇ ಉಸಿರಿನ ವಂಶ. ಲಂಡನ್ನಿನಲ್ಲಿ ಚಾರ್ಲ್ಸ್ ವೀಟ್‌ಸ್ಟನ್ ಎಂಬ ವಿಜ್ಞಾನಿ ರೂಪಿಸಿದ ಕನ್ಸರ್ಟಿನಾ ಇದರ ದಾಯಾದಿ. ಅದರಲ್ಲಿ ಎರಡು ಕೈಗಳ ನಡುವೆ ತಿದಿಯನ್ನು ಹಿಗ್ಗಿಸಿ ಕುಗ್ಗಿಸಿ ನುಡಿಸುತ್ತಾರೆ. 1840ರ ದಶಕದಲ್ಲಿ ಪ್ಯಾರಿಸ್ಸಿನ ದೆಬೆಯಿನ್ ಹಾರ್ಮೋನಿಯಂ ಎಂದು ಹೆಸರಿಟ್ಟದ್ದು ಕಾಲಿನಿಂದ ಗಾಳಿ ಒತ್ತುವ ಪೆಟ್ಟಿಗೆ. ಕಲ್ಕತ್ತೆಯ ದ್ವಾರಕಾನಾಥ ಘೋಷರು ಅದನ್ನು ನೆಲಕ್ಕಿಳಿಸಿ, ತಿದಿಯನ್ನು ಕೈಗೆ ಕೊಟ್ಟು ನಮ್ಮದಾಗಿ ಮಾಡಿದರು. ಗಮಕ ಬಾರದ ವಾದ್ಯವೆಂದು ಆಕಾಶವಾಣಿ ಇದನ್ನು 1940ರಲ್ಲಿ ಹೊರಗೆ ಹಾಕಿತು. 1971ರವರೆಗೆ ಬಹಿಷ್ಕಾರ ನಡೆಯಿತು. ಅದೇ ಪೆಟ್ಟಿಗೆಯನ್ನು ಬೆಳಗಾವಿಯ ರಾಮಭಾವು ವಿಜಾಪುರೆಯವರು ಹಾಡುವಂತೆ ಮಾಡಿದರು. ಶ್ರುತಿಯ ಬಗ್ಗೆ ಪಂಡಿತರು ಮಾಡಿದಷ್ಟು ಜಗಳ ತಿದಿಯ ಬಗ್ಗೆ ಮಾಡಿದ್ದನ್ನು ನಾನು ಕೇಳಿಲ್ಲ. ಸ್ವರ ಬಲಗೈಯದು, ಹೆಸರೂ ಅದಕ್ಕೇ. ಎಡಗೈ ಬರಿಯ ಗಾಳಿ ಹಾಕುವ ಆಳು. ನಾನೂ ಹಾಗೆಯೇ ತಿಳಿದಿದ್ದೆ.

ಎರಡು ವರ್ಷದ ಹಿಂದೆ ಅಣ್ಣಯ್ಯನವರಿಗೆ ಪಾರ್ಶ್ವವಾಯು ಬಡಿಯಿತು, ಎಡಭಾಗಕ್ಕೆ. ದೇವರ ದಯೆ, ಮಾತು ಉಳಿಯಿತು, ಬಲಗೈ ಉಳಿಯಿತು. ಎಡಗೈ ಕಾಫಿಯ ಲೋಟ ಹಿಡಿಯುವಷ್ಟು ಚೇತರಿಸಿಕೊಂಡ ದಿನ ಅವರು ಕೇಳಿದ್ದು ದೊಡ್ಡ ಪೆಟ್ಟಿಗೆಯನ್ನು. ತಂದಿಟ್ಟೆವು. ತಿದಿ ಅಷ್ಟಿಷ್ಟು ಅಲುಗಿತು. ಮಂದ್ರ ಷಡ್ಜ ಏಳಲೇ ಇಲ್ಲ. ಎರಡು ಸಾಲು ಮುಚ್ಚಿ ಒಂದೇ ಸಾಲಿಗೆ ಗಾಳಿ ಬಿಟ್ಟರು. ನಾಲ್ಕನೆಯ ಸಲಕ್ಕೆ ಷಡ್ಜ ಎದ್ದಿತು; ಏಳುವಷ್ಟರಲ್ಲಿ ಕೈ ಸೋತಿತ್ತು. ಅಣ್ಣಯ್ಯ ಮುಚ್ಚಳ ಹಾಕಿದರು. ಅವರ ಮಗ ಮೊಬೈಲಿನಲ್ಲಿ ಶ್ರುತಿ ಹಾಕಿಕೊಟ್ಟ. “ಅದಕ್ಕೆ ನಾನು ಯಾಕಪ್ಪಾ ಬೇಕು?” ಎಂದು ಗೋಡೆಯ ಕಡೆ ತಿರುಗಿ ಮಲಗಿದರು. ಮನೆಯಲ್ಲಿ ಒಂದು ವಾರ ಯಾರೂ ಜೋರಾಗಿ ಮಾತಾಡಲಿಲ್ಲ.

ಪೆಟ್ಟಿಗೆ ಕೆಟ್ಟಿರಬಹುದೆಂಬ ಆಸೆಯಿಂದ ರಿಪೇರಿಯವರನ್ನು ಕರೆತಂದೆ. ಹೌದು, ಆಸೆಯೇ, ಕೆಟ್ಟದ್ದು ಪೆಟ್ಟಿಗೆಯಾದರೆ ಸರಿಮಾಡಿಸಬಹುದಲ್ಲ. ಅವರು ಹಲಗೆ ಬಿಚ್ಚಿ ಒಂದು ರೀಡನ್ನು ಅಂಗೈ ಮೇಲಿಟ್ಟರು. ಒಂದು ಹಿತ್ತಾಳೆ ಪಟ್ಟಿ. ಅದರಲ್ಲೊಂದು ಉದ್ದನೆಯ ಕಿಂಡಿ. ಕಿಂಡಿಯ ಮೇಲೆ ಒಂದು ತುದಿ ಮಾತ್ರ ಬಿಗಿದ ತೆಳುವಾದ ನಾಲಿಗೆ. ಗಾಳಿ ಹಾದಾಗ ಆ ನಾಲಿಗೆ ಕಿಂಡಿಯೊಳಗೆ ಹೋಗಿ ಬಂದು ನಡುಗುತ್ತದೆ. ಗಿಡ್ಡ ನಾಲಿಗೆಗೆ ತಾರಸ್ವರ. ಉದ್ದ ನಾಲಿಗೆಗೆ ಮಂದ್ರ, ಅದು ಎದ್ದು ಕೂರುವುದೂ ನಿಧಾನ.

“ನಿಮ್ಮ ಪೆಟ್ಟಿಗೆಗೆ ಏನೂ ಆಗಿಲ್ಲ ಸ್ವಾಮಿ” ಎಂದರು. “ನಾಲಿಗೆಯ ತುದಿ ಪಟ್ಟಿಗಿಂತ ಕೂದಲೆಳೆಯಷ್ಟು ಮೇಲಿರಬೇಕು. ಇದರಲ್ಲಿ ಬೇಕೆಂದೇ ಹೆಚ್ಚು ಎತ್ತಿದ್ದಾರೆ. ಜೋರು ಗಾಳಿ ತಡೆಯುತ್ತೆ, ಸಣ್ಣ ಗಾಳಿಗೆ ಮಾತಾಡಲ್ಲ. ಒಳತಿದಿಯ ಸ್ಪ್ರಿಂಗೂ ಗಟ್ಟಿ.”

“ಹಾಗಾದರೆ ತಗ್ಗಿಸಿಬಿಡಿ.”

“ತಗ್ಗಿಸಬಹುದು. ಆಗ ಸಣ್ಣ ಗಾಳಿಗೇ ಏಳುತ್ತೆ. ಆದರೆ ಜೋರಾಗಿ ಹಾಕಿದರೆ ನಾಲಿಗೆ ಕಿಂಡಿಗೆ ಅಂಟಿ ಗಪ್‌ಚುಪ್. ಎರಡರಲ್ಲಿ ಒಂದು ಆರಿಸ್ಕೋಬೇಕು. ಮೂರು ಸಾಲು, ನೂರಕ್ಕೆ ಮೇಲೆ ನಾಲಿಗೆ. ಎಲ್ಲ ಬಗ್ಗಿಸಿದ ಮೇಲೆ ಇದು ಆ ಪೆಟ್ಟಿಗೆ ಆಗಿರಲ್ಲ ಸ್ವಾಮಿ.”

ಹೊರಡುವಾಗ ಅವರ ಕಣ್ಣು ಬಾಗಿಲ ಬಳಿ ಗೋಣಿಚೀಲದಲ್ಲಿದ್ದ ಸಣ್ಣ ಪೆಟ್ಟಿಗೆಯ ಮೇಲೆ ಬಿತ್ತು. ಹೇಳಲು ನಾಚಿಕೆ: ಅದನ್ನು ಹಳೆ ಸಾಮಾನಿನವನಿಗೆ ಕೊಡಲು ಮಾತಾಡಿ ನಾನೇ ಇಳಿಸಿಟ್ಟಿದ್ದೆ. ಅವರು ಅಲ್ಲೇ ಕೂತು ಬಿಚ್ಚಿದರು. ತಿದಿಯಲ್ಲಿ ತೂತು, ಮನೆಗಳ ಅಡಿಯ ಚರ್ಮ ಒಣಗಿ ಗಾಳಿ ಸೋರುತ್ತಿತ್ತು. ರೀಡುಗಳನ್ನು ಬಹಳ ಹೊತ್ತು ನೋಡಿದರು. ಪ್ಯಾರಿಸ್ಸಿನದೋ ಜರ್ಮನಿಯದೋ, ಅಥವಾ ನಮ್ಮ ಗುಜರಾತಿನ ಪಾಲಿತಾಣದ್ದೋ ಎಂದು ಕೇಳಿದೆ. “ಊರು ಬಿಡಿ ಸ್ವಾಮಿ, ಕೂರಿಸಿದ ರೀತಿ ನೋಡಿ. ಇದನ್ನು ಯಾರದೋ ಕೈ ನೋಡಿಕೊಂಡು ಕೂರಿಸಿದ್ದಾರೆ. ನುಡಿಸುತ್ತಿದ್ದವರ ಕೈಯಲ್ಲಿ ಕಸುವು ಕಡಮೆ ಇತ್ತೆ?”

ನನಗೆ ಥಟ್ಟನೆ ನೆನಪಾಯಿತು. ತಾಯಿ ಪೆಟ್ಟಿಗೆಯ ಮುಂದೆ ಕೂರುತ್ತಿದ್ದುದು ತೊಡೆಯ ಮೇಲೆ ಮಗುವನ್ನು ಮಲಗಿಸಿಕೊಂಡು. ಎಡ ಮೊಣಕೈ ಮಗುವಿಗೆ ದಿಂಬು; ತಿದಿಗೆ ಉಳಿಯುತ್ತಿದ್ದುದು ಎರಡು ಬೆರಳು. ಆ ಮಗು ಮೊದಲು ಅಣ್ಣಯ್ಯ, ಆಮೇಲೆ ನಾನು.

ಹದಿನೈದು ದಿನದಲ್ಲಿ ಪೆಟ್ಟಿಗೆ ಸರಿಯಾಗಿ ಬಂತು. ಅಣ್ಣಯ್ಯ ಮುಖ ಸಿಂಡರಿಸಿ, “ಅಡಿಗೆಮನೆ ಪೆಟ್ಟಿಗೆ ನನಗೇಕೋ?” ಎಂದರು. ನಾನು ವಾದಿಸದೆ ಅವರ ಮಂಚದ ಪಕ್ಕದಲ್ಲಿಟ್ಟು ಬಂದೆ. ರಾತ್ರಿ ಹನ್ನೊಂದರ ಸುಮಾರಿಗೆ ಅವರ ಕೋಣೆಯಿಂದ ಷಡ್ಜ ಕೇಳಿಸಿತು. ಒಂದೇ ಉಸಿರಿಗೆ, ಕರೆದ ಕೂಡಲೆ ಓಗೊಟ್ಟಂತೆ. ಆಮೇಲೆ ಪಂಚಮ. ಅತ್ತಿಗೆ ಅಡಿಗೆಮನೆಯ ದೀಪ ಆರಿಸದೆ ಬಾಗಿಲಲ್ಲೇ ನಿಂತಿದ್ದರು.

ಮರುದಿನ ಉತ್ಸಾಹದಿಂದ ನಾನೂ ನುಡಿಸಲು ಹೋದೆ. ನನ್ನ ಎಡಗೈಯಲ್ಲಿ ಕಸುವಿಗೇನೂ ಕೊರತೆಯಿಲ್ಲ. ಎರಡು ಸಲ ತಿದಿ ಒತ್ತಿದ್ದೇ ತಡ, ಷಡ್ಜ ಗಂಟಲು ಕಟ್ಟಿದಂತಾಗಿ ನಿಂತುಹೋಯಿತು.

“ಮೆಲ್ಲಗೆ ಕಣೋ” ಎಂದರು ಅಣ್ಣಯ್ಯ. “ಅದು ನಿನ್ನ ಮಾತು ಕೇಳಲ್ಲ.”

ಕಳೆದ ತಿಂಗಳು ದೊಡ್ಡ ಪೆಟ್ಟಿಗೆಯನ್ನು ಕೊಳ್ಳಲು ಒಬ್ಬರು ಬಂದಿದ್ದರು. ಒಳ್ಳೆಯ ಬೆಲೆಯನ್ನೇ ಹೇಳಿದರು. ಅಣ್ಣಯ್ಯ ಕೊಡಲಿಲ್ಲ. ಮೊಮ್ಮಗಳಿಗೆ ಈಗ ಎಂಟು ವರ್ಷ. ಅವಳ ಕೈ ಬಲಿಯುವವರೆಗೆ ಇರಲಿ ಎಂದರು. ಅದರ ಧೂಳು ಒರೆಸುವ ಕೆಲಸ ಎಂದಿನಂತೆ ನನ್ನದೇ.