ದಾಸವಾಳದ ಬೇಲಿಯ ಬುಡ

ನನ್ನ ಬಾಲ್ಯದ ನಾಗಮಂಗಲ ಸೀಮೆಯಲ್ಲಿ ಬೇಲಿಯೆಂದರೆ ಕಳ್ಳಿ, ಕತ್ತಾಳೆ, ಲಕ್ಕಿ. ದನಕರು ಹೊಲಕ್ಕೆ ನುಗ್ಗದಿದ್ದರೆ ಸಾಕು. ಅದು ಅಂದವಾಗಿರಬೇಕೆಂದು ಯಾರೂ ಬಯಸುತ್ತಿರಲಿಲ್ಲ. ಮಳೆಯನ್ನೇ ನಂಬಿದ ಆ ನೆಲದಿಂದ ನಾಲೆಯ ನೀರು ಹರಿಯುವ ಪಾಂಡವಪುರಕ್ಕೆ ಬಂದು ನೆಲೆಸಿದ ಮೇಲೆ, ಮನೆಯ ಮುಂದೆ ಹಸಿರು ಬೇಲಿಯೊಂದು ಬೇಕೆಂಬ ಆಸೆ ಹುಟ್ಟಿತು. ಆಸೆ ನನ್ನದಲ್ಲ, ನನ್ನ ಶ್ರೀಮತಿಯದು. ಆಕೆಯ ತವರು ಕೃಷ್ಣರಾಜಪೇಟೆ ತಾಲ್ಲೂಕಿನ ಕಿಕ್ಕೇರಿಯ ಬಳಿ. ‘ಮೈಸೂರ ಮಲ್ಲಿಗೆ’ಯ ಕವಿ ಕೆ.ಎಸ್. ನರಸಿಂಹಸ್ವಾಮಿಯವರು ಹುಟ್ಟಿದ ಊರಿನ ಕಡೆಯಿಂದ ಆಕೆ ತಂದದ್ದು ಮಲ್ಲಿಗೆಯನ್ನಲ್ಲ, ಕೆಂಪು ದಾಸವಾಳದ ಕಡ್ಡಿಗಳನ್ನು. 1984ರ ಮುಂಗಾರಿನಲ್ಲಿ ಅವನ್ನು ಒಂದೂವರೆ ಅಡಿಗೊಂದರಂತೆ ನೆಟ್ಟಳು.

ನಾಲ್ಕೈದು ವರ್ಷಗಳಲ್ಲಿ ಬೇಲಿ ಆಳೆತ್ತರ ಬೆಳೆದು, ಬೀದಿಯವರಿಗೆ ನಮ್ಮ ಜಗುಲಿ ಕಾಣದಂತಾಯಿತು. ಕತ್ತರಿ ಸದಾ ಆಕೆಯ ಕೈಯಲ್ಲೇ. ಮಣೆ ಹಾಕಿಕೊಂಡು ಕುಳಿತು, ಬೇಲಿಯ ಪಕ್ಕಗಳನ್ನು ಸವರುತ್ತಿದ್ದಳು. “ಕುಳಿತು ಮಾಡುವ ತೋಟಗಾರಿಕೆ” ಎಂದು ನಾನು ಹಾಸ್ಯ ಮಾಡುತ್ತಿದ್ದೆ. 2012ರಲ್ಲಿ ಆಕೆ ತೀರಿಕೊಂಡ ಮೇಲೆ ಆ ಕೆಲಸ ಕೂಲಿಯವರ ಪಾಲಾಯಿತು. ಅವರು ನೆತ್ತಿಯನ್ನಷ್ಟೇ ಸಮನಾಗಿ ಕತ್ತರಿಸಿ ಹೋಗುತ್ತಿದ್ದರು. ನಾನೂ ಜಗುಲಿಯಲ್ಲಿ ಕುಳಿತು ಮೇಲಿನ ಅಂಚನ್ನಷ್ಟೇ ನೋಡುತ್ತಿದ್ದೆ. ಒಂದು ದಿನ ಮೇಕೆಯೊಂದು ಬುಡದಿಂದಲೇ ನುಸುಳಿ ಒಳಗೆ ಬಂತು. ಬಗ್ಗಿ ನೋಡಿದರೆ ಮೊಣಕಾಲೆತ್ತರದವರೆಗೆ ಬರಿಯ ಬೋಳು ಕಾಂಡಗಳು. ಬೀದಿಯಲ್ಲಿ ನಡೆಯುವವರ ಪಾದಗಳೆಲ್ಲ ಕಾಣುತ್ತಿದ್ದವು.

“ಗಿಡಕ್ಕೆ ವಯಸ್ಸಾಯ್ತು, ಕಿತ್ತು ಕಾಂಪೌಂಡ್ ಹಾಕಿಸಿಬಿಡಿ ಮೇಷ್ಟ್ರೇ” ಎಂದರು ನೆರೆಯವರು. ಮಗನೂ ಫೋನಿನಲ್ಲಿ ಅದನ್ನೇ ಹೇಳಿದ. ನನಗೆ ಮನಸ್ಸಾಗಲಿಲ್ಲ. ಕೊಟ್ಟಿಗೆ ಗೊಬ್ಬರ ಹಾಕಿಸಿದೆ, ನೀರು ಹೆಚ್ಚಿಸಿದೆ. ಎಲ್ಲವೂ ನೆತ್ತಿಗೇ ಏರಿತು. ಬುಡ ಬೋಳಾಗಿಯೇ ಉಳಿಯಿತು.

ಆಗ ನೆನಪಾದದ್ದು ಶ್ರೀರಂಗಪಟ್ಟಣ ತಾಲ್ಲೂಕಿನ ಬೃಂದಾವನ. ಹಿಂದೆ ಕೃಷ್ಣರಾಜಸಾಗರಕ್ಕೆ ನಿಮ್ಮನ್ನು ಪ್ರವಾಸ ಕರೆದೊಯ್ದಿದ್ದಾಗ, ನೀವು ಕಾರಂಜಿಗಳ ಸುತ್ತ ಓಡಾಡುತ್ತಿದ್ದರೆ ನಾನು ಹಿರಿಯ ಮಾಲಿಯೊಬ್ಬರ ಬಳಿ ನಿಂತಿದ್ದೆ. ಅವರು ಬೇಲಿಯನ್ನು ನೆಟ್ಟಗೆ ಕತ್ತರಿಸದೆ, ಎದುರಿಗಿದ್ದ ಅಣೆಕಟ್ಟೆಯ ಹಾಗೆ ಬುಡ ಅಗಲವಾಗಿ, ನೆತ್ತಿ ಕಿರಿದಾಗಿ ಇಳಿಜಾರು ಕೊಡುತ್ತಿದ್ದರು. ಏಕೆಂದು ಕೇಳಿದ್ದಕ್ಕೆ “ಬುಡಕ್ಕೂ ಬಿಸಿಲು ಬೀಳ್ಬೇಕಲ್ಲ ಸ್ವಾಮಿ” ಎಂದಿದ್ದರು.

ವಿಷಯ ಅಷ್ಟೇ. ಬಿಸಿಲಿನಲ್ಲಿ ಆಹಾರ ತಯಾರಿಸುವುದು ಎಲೆಯ ಕೆಲಸ. ನೆರಳಿನಲ್ಲಿ ದುಡಿಯಲಾರದ ಎಲೆಯನ್ನು ಗಿಡ ಉದುರಿಸಿಬಿಡುತ್ತದೆ. ತುದಿಯ ಚಿಗುರಿನಲ್ಲಿ ಹುಟ್ಟುವ ಆಕ್ಸಿನ್ ಎಂಬ ಹಾರ್ಮೋನು ಕೆಳಗಿನ ಮೊಗ್ಗುಗಳನ್ನು ತಡೆದಿಡುತ್ತದೆ. ನೆತ್ತಿಯನ್ನಷ್ಟೇ ಸವರಿದರೆ, ಕತ್ತರಿಸಿದ ಜಾಗದ ಕೆಳಗೇ ಹಲವು ಕವಲೊಡೆದು ಮೇಲ್ಭಾಗ ಕೊಡೆಯಂತೆ ಕವಿಯುತ್ತದೆ. ಕೆಳಗೆ ಕತ್ತಲೆ ಹೆಚ್ಚುತ್ತದೆ. ಬೇಲಿ ಬೋಳಾದದ್ದು ವಯಸ್ಸಿನಿಂದಲ್ಲ, ನನ್ನ ಅಲಕ್ಷ್ಯದಿಂದ.

ಇದಕ್ಕೆ ಮದ್ದು ಗೊಬ್ಬರವಲ್ಲ, ಕತ್ತರಿ. ಮೂರು ಕಾಂಡಗಳಿಗೊಂದರಂತೆ ಆರಿಸಿ, ನೆಲದಿಂದ ಒಂದಡಿಗೆ ಕತ್ತರಿಸಬೇಕು; ಮೂರು ಮುಂಗಾರುಗಳಲ್ಲಿ ಸರದಿಯಂತೆ ಮಾಡಿದರೆ ಮರೆ ಪೂರ್ತಿ ಹೋಗದೆ ಬೇಲಿ ಹೊಸದಾಗುತ್ತದೆ. 2021ರ ಜೂನ್‌ನಲ್ಲಿ ಗರಗಸ ಹಿಡಿದು ಕುಳಿತೆ. ಆಕೆ ನೆಟ್ಟ ಕಡ್ಡಿ ನನ್ನ ಮುಂಗೈ ದಪ್ಪವಾಗಿತ್ತು. ಅರ್ಧ ಗಂಟೆ ಸುಮ್ಮನೆ ಕುಳಿತಿದ್ದೆ. ಕೊನೆಗೆ ಕುಯ್ದೆ. ಆ ತಿಂಗಳೆಲ್ಲ ಬೇಲಿ ಹಲ್ಲುದುರಿದ ಬಾಯಿಯಂತಿತ್ತು. ಕೆಟ್ಟ ಕೆಲಸ ಮಾಡಿದೆನೇನೋ ಎಂದು ರಾತ್ರಿ ನಿದ್ದೆ ಬರುತ್ತಿರಲಿಲ್ಲ. ಆಮೇಲೊಂದು ಬೆಳಿಗ್ಗೆ, ಸತ್ತಂತಿದ್ದ ಮೋಟಿನ ಗಿಣ್ಣುಗಳಲ್ಲಿ ಸಾಸಿವೆ ಗಾತ್ರದ ಹಸಿರು ಕಂಡಿತು.

ನಿಮ್ಮಲ್ಲಿ ಬೇಲಿ ಬೆಳೆಸಿದವರಿಗೆ ಒಂದು ಎಚ್ಚರಿಕೆ: ಎಲ್ಲ ಗಿಡಗಳೂ ಹೀಗೆ ಚಿಗುರುವುದಿಲ್ಲ. ದಾಸವಾಳ ಹಳೆಯ ಕಾಂಡದಿಂದಲೂ ಚಿಗುರುತ್ತದೆ. ಸರ್ವೆಯನ್ನು ಎಲೆಯಿಲ್ಲದ ಹಳೆಯ ಭಾಗಕ್ಕೆ ಕತ್ತರಿಸಿದರೆ ಅದು ಚಿಗುರುವ ಭರವಸೆಯಿಲ್ಲ. ಅದನ್ನು ಎಳೆಯದಿದ್ದಾಗಿನಿಂದಲೇ ಇಳಿಜಾರಾಗಿ ಸವರಿಕೊಂಡು ಬರಬೇಕು.

ಈಗ ಬುಡದವರೆಗೂ ಎಲೆಯಿದೆ, ಮೇಕೆ ಬರುವುದಿಲ್ಲ. ಕೂಲಿಯವರನ್ನು ಕರೆಯುವುದನ್ನೂ ಬಿಟ್ಟಿದ್ದೇನೆ. ಬುಡವನ್ನು ನೋಡಬೇಕಾದರೆ ಕುಳಿತೇ ನೋಡಬೇಕು. ಆಕೆಯ ಮಣೆ ಅಟ್ಟದ ಮೇಲಿತ್ತು, ಇಳಿಸಿಕೊಂಡಿದ್ದೇನೆ.