ಅಮ್ಮನಿಗೊಂದು ಬಿಸಿನೀರ ತೊಟ್ಟಿ

ಮಳೆಯ ನಾಡಿನವರಿಗೆ ಬಿಸಿನೀರು ಬರಿಯ ನೀರಲ್ಲ. ದಕ್ಷಿಣ ಕನ್ನಡದ ಹಳೆಯ ಮನೆಗಳಲ್ಲಿ ದೇವರ ಕೋಣೆಯಷ್ಟೇ ನಿಷ್ಠೆಯಿಂದ ಕಾಪಾಡಿಕೊಂಡು ಬಂದ ಮತ್ತೊಂದು ತಾಣವೆಂದರೆ ಬಚ್ಚಲುಮನೆ. ಜೂನಿನಿಂದ ಸೆಪ್ಟೆಂಬರಿನ ತನಕ ತೋಟದಲ್ಲಿ ನೆನೆದು, ನಡುಗುತ್ತ ಬಂದವರಿಗೆ ಅಲ್ಲಿಯ ತಾಮ್ರದ ಹಂಡೆಯೇ ವೈದ್ಯ, ಅದೇ ಬಂಧು. ಪ್ರಕೃತಿಗೂ ಈ ಪ್ರಾಂತದವರ ಒಲವು ತಿಳಿದಿರಬೇಕು. ಪುತ್ತೂರು ತಾಲೂಕಿನ ಇರ್ದೆಯಲ್ಲಿ ನೆಲದೊಳಗಿಂದಲೇ ಬೆಚ್ಚನೆಯ ನೀರು ಚಿಮ್ಮುವ ಬುಗ್ಗೆಯೊಂದನ್ನು ಅದು ಇರಿಸಿದೆ. ಬಿಸಿನೀರಿಗೆ ತುಳುವಿನಲ್ಲಿ ‘ಬೆಂದ್ರ್’ ಎನ್ನುವರಾದ್ದರಿಂದ ಜನರು ಅದನ್ನು ಬೆಂದ್ರ್‌ತೀರ್ಥವೆಂದು ಕರೆದರು.

ಇಂತಹ ಸೀಮೆಯಲ್ಲಿ, ಹಿಂದೆ ಪುತ್ತೂರು ತಾಲೂಕಿಗೂ ಈಗ ಕಡಬ ತಾಲೂಕಿಗೂ ಸೇರಿದ ಸವಣೂರಿನ ಒಂದು ಮನೆಗೆ ವಿದ್ಯುತ್ತಿನಿಂದ ನೀರು ಕಾಯಿಸುವ ದೊಡ್ಡ ತೊಟ್ಟಿಯೊಂದು ಬರುವುದೆಂದು ನಿಶ್ಚಯವಾಯಿತು. ಪೇಟೆಯವರು ‘ಹಾಟ್ ಟಬ್’ ಎನ್ನುವುದು ಇದನ್ನೇ. ನಾಲ್ವರು ಕುತ್ತಿಗೆಯವರೆಗೆ ಮುಳುಗಿ ಕುಳಿತುಕೊಳ್ಳಬಹುದು. ಗೋಡೆಯ ರಂಧ್ರಗಳಿಂದ ನೀರು ರಭಸದಿಂದ ಹೊಮ್ಮಿ ಮೈಕೈಗಳನ್ನು ನೀವುತ್ತದೆ. ಕೊಂಡವನು ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ಕಿರಿಯ ಮಗ. ಕೊಂಡದ್ದು ಅಮ್ಮನಿಗಾಗಿ. ಎಪ್ಪತ್ತನ್ನು ದಾಟಿದ ಆಕೆಯ ಮೊಣಕಾಲುಗಳು ಎರಡು ವರ್ಷಗಳಿಂದ ಹಟ ಹಿಡಿದಿದ್ದವು. ಬೆಚ್ಚನೆಯ ನೀರಿನಲ್ಲಿ ಕುಳಿತರೆ ಕೀಲುಗಳ ಬಿಗುವು ಸಡಿಲಾಗುವುದೆಂದು ಆತ ಓದಿದ್ದ, ವೈದ್ಯರಿಂದಲೂ ಕೇಳಿದ್ದ. ಹಣವನ್ನು ಕಟ್ಟಿದ ಮೇಲೆ ಅಣ್ಣನಿಗೆ ಫೋನು ಮಾಡಿ, “ಇನ್ನು ಇಪ್ಪತ್ತು ದಿನಕ್ಕೆ ಲಾರಿ ಬರುತ್ತದೆ, ಜಾಗ ಸಿದ್ಧಮಾಡಿ ಇಡು” ಎಂದ.

ಜಾಗ ಸಿದ್ಧಮಾಡುವುದೆಂದರೇನು? ಹೊಸ ಮಂಚ ಬಂದರೆ ಹಳೆಯದನ್ನು ಸರಿಸಿದಂತೆ ಎಂದು ಅಣ್ಣ ಭಾವಿಸಿದ್ದ. ತೊಟ್ಟಿಯ ವಿವರಗಳು ಕೈಗೆ ಬಂದ ದಿನ ಆ ಭಾವನೆ ಕರಗಿತು.

ಮೊದಲನೆಯದು ಭಾರ. ಉದ್ದಗಲ ಎರಡೆರಡು ಮೀಟರು, ಎತ್ತರ ಸುಮಾರು ಮೂರು ಅಡಿ. ಬರಿದಾಗಿದ್ದಾಗಲೇ 300 ಕಿಲೋ. ಅದು ಹಿಡಿಸುವ ನೀರು 1,100 ಲೀಟರು. ಲೀಟರಿಗೆ ಒಂದು ಕಿಲೋ ಎಂಬ ಲೆಕ್ಕ ಶಾಲೆಯ ಮಕ್ಕಳಿಗೂ ತಿಳಿದದ್ದು. ಅದರ ಮೇಲೆ ನಾಲ್ಕು ಜನ. ಎಲ್ಲ ಕೂಡಿದರೆ ಒಂದೂಮುಕ್ಕಾಲು ಟನ್ನಿಗೆ ಸಮೀಪ. ಹಲಗೆ ಹಾಸಿದ ಉಪ್ಪರಿಗೆ ಈ ಭಾರವನ್ನು ಹೊರಲಾರದು. ಜಗಲಿಯ ಹಳೆಯ ಗಾರೆನೆಲವೂ ನಂಬುಗೆಗೆ ತಕ್ಕದ್ದಲ್ಲ. ಗಟ್ಟಿ ನೆಲದ ಮೇಲೆ ನಾಲ್ಕಂಗುಲಕ್ಕೆ ಕಡಿಮೆಯಾಗದ ಕಾಂಕ್ರೀಟು, ಅದೂ ನೀರ್ಮಟ್ಟ ತಪ್ಪದಂತೆ ಹಾಕಬೇಕು. ಒಂದು ಮೂಲೆ ಕುಸಿದರೆ ತೊಟ್ಟಿಯ ಮೈಯೇ ಬಿರುಕು ಬಿಟ್ಟೀತು.

ಎರಡನೆಯದು ದಾರಿ. ಲಾರಿ ಡಾಮರು ರಸ್ತೆಯ ಅಂಚಿನಲ್ಲಿ ನಿಲ್ಲುತ್ತದೆ. ಅಲ್ಲಿಂದ ಮನೆಗೆ ಮಣ್ಣಿನ ದಾರಿ, ನಡುವೆ ತೋಡು, ತೋಡಿಗೆ ಸಂಕ, ಆಮೇಲೆ ಮುರಕಲ್ಲಿನ ಪಾಗಾರಗಳ ನಡುವಿನ ಓಣಿ. ತೊಟ್ಟಿಯನ್ನು ಪಕ್ಕಕ್ಕೆ ನಿಲ್ಲಿಸಿ ತಂದರೂ ಮೂರೂವರೆ ಅಡಿ ಅಗಲ, ಏಳು ಅಡಿ ಎತ್ತರದ ತೆರವು ಬೇಕು. ಅಣ್ಣ ಟೇಪು ಹಿಡಿದು ಓಣಿಯುದ್ದಕ್ಕೂ ಅಳೆದ. ಒಂದು ತಿರುವಿನಲ್ಲಿ ಹಲಸಿನ ಕೊಂಬೆಯೊಂದು ಅಡ್ಡವಾಯಿತು. ಅದನ್ನು ಕಡಿಯಲು ಗುರುತುಮಾಡಿದ.

ಮೂರನೆಯದು ವಿದ್ಯುತ್ತು. ನೀರು ಕಾಯಿಸುವ ಸುರುಳಿಗೇ ಮೂರು ಕಿಲೋವಾಟು, ಪಂಪಿಗೆ ಬೇರೆ. ಮನೆಗೆ ಮಂಜೂರಾಗಿದ್ದ ಒಟ್ಟು ಹೊರೆ ಎರಡು ಕಿಲೋವಾಟು ಮಾತ್ರ. ಮೆಸ್ಕಾಂ ಕಛೇರಿಗೆ ಅರ್ಜಿ ಕೊಟ್ಟು ಹೊರೆಯನ್ನು ಹೆಚ್ಚಿಸಿಕೊಳ್ಳಬೇಕು. ಪರವಾನಗಿ ಇದ್ದ ಕೆಲಸಗಾರನಿಂದ ತೊಟ್ಟಿಗೆಂದೇ ಬೇರೆ ತಂತಿ ಎಳೆಸಬೇಕು. ಒಳ್ಳೆಯ ಅರ್ಥಿಂಗು ಬೇಕು. 30 ಮಿಲಿ ಆಂಪಿಯರಿನಷ್ಟು ಸೋರಿದರೂ ಕಣ್ಣು ಮಿಟುಕಿಸುವುದರೊಳಗೆ ವಿದ್ಯುತ್ತನ್ನು ಕಡಿದುಹಾಕುವ ರಕ್ಷಣಾ ಸ್ವಿಚ್ಚು ಬೇಕು. ನೀರಿನಲ್ಲಿ ಕುಳಿತವರ ಕೈಗೆ ಎಟುಕುವಲ್ಲಿ ಯಾವ ಗುಂಡಿಯೂ ಇರಬಾರದು. ಗುಡುಗು ಕೇಳಿದೊಡನೆ ತೊಟ್ಟಿಯಿಂದ ಎದ್ದು ಬರಬೇಕೆಂಬುದನ್ನು ಈ ಸೀಮೆಯವರಿಗೆ ಹೇಳಬೇಕಾಗಿಲ್ಲ.

ನಾಲ್ಕನೆಯದು ನೀರು. ಮಾರ್ಚಿ ಕಳೆದರೆ ಬಾವಿಯ ತಳ ಕಾಣುವ ಮನೆ ಅದು. ಒಮ್ಮೆ ತುಂಬಿದ ನೀರನ್ನು ಶೋಧಿಸಿ, ಕ್ಲೋರಿನ್ ಬೆರೆಸಿ ಮೂರು ನಾಲ್ಕು ತಿಂಗಳು ಬಳಸಬಹುದೆಂದು ತಿಳಿದಾಗ ಸ್ವಲ್ಪ ಸಮಾಧಾನವಾಯಿತು. ಆದರೆ ಆ ನೀರನ್ನು ತೋಡಿಗೆ ಬಿಡುವಂತಿಲ್ಲ, ಮೀನು ಸತ್ತಾವು. ಔಷಧ ಬೆರೆಸುವುದನ್ನು ನಿಲ್ಲಿಸಿ, ಮುಚ್ಚಳ ತೆಗೆದು, ಕೆಲವು ದಿನ ಬಿಸಿಲಿಗೆ ಬಿಟ್ಟು, ಕ್ಲೋರಿನ್ ಹೋದುದನ್ನು ಪರೀಕ್ಷಿಸಿದ ಬಳಿಕವೇ ಗಿಡಗಳ ಬುಡಕ್ಕೆ ಹರಿಸಬೇಕು.

ಇಷ್ಟನ್ನೂ ಬರೆದಿಟ್ಟುಕೊಂಡು ಅಣ್ಣ ಸ್ಥಳವನ್ನು ಹುಡುಕಿದ. ತೆಂಗಿನ ಮರದ ಕೆಳಗೆ ಆಗದು. ಕಾಯಿ ಬಿದ್ದರೆ ಮುಚ್ಚಳವಷ್ಟೇ ಅಲ್ಲ, ತಲೆಯೂ ಉಳಿಯದು. ಅಂಗಳದ ನಡುವೆ ಆಗದು, ಅಡಕೆ ಹರಡುವುದೆಲ್ಲಿ? ಕೊನೆಗೆ ಕಣ್ಣು ಬಿದ್ದದ್ದು ಬಚ್ಚಲುಮನೆಯ ಮೇಲೆ. ನೆಲ ಗಟ್ಟಿ, ನೀರು ಹತ್ತಿರ, ಹರಿದುಹೋಗಲು ಕಾಲುವೆಯೂ ಇದೆ. ಹೊಗೆ ಹಿಡಿದ ಆ ಹಳೆಯ ಕಟ್ಟಡವನ್ನು ಕೆಡವಿದರೆ ಎಲ್ಲವೂ ಸಲೀಸು. “ಹೊಸದು ಬಂದ ಮೇಲೆ ಹಂಡೆಗೇನು ಕೆಲಸ?” ಎಂದು ತಮ್ಮನೂ ಒಪ್ಪಿದ.

ಅಮ್ಮ ಏನೂ ಹೇಳಲಿಲ್ಲ. ಆ ಸಂಜೆ ಹುಣಿಸೆಹಣ್ಣು, ಬೂದಿಗಳನ್ನು ತೆಗೆದುಕೊಂಡು ಹಂಡೆಯನ್ನು ತಿಕ್ಕುತ್ತ ಕುಳಿತಳು. ಆಕೆ ಮದುವೆಯಾಗಿ ಬಂದ ವರ್ಷ ಅದನ್ನು ಬಿದಿರಿನ ಗಳಕ್ಕೆ ಕಟ್ಟಿ ಇಬ್ಬರು ಆಳುಗಳು ಇದೇ ಓಣಿಯಲ್ಲಿ ಹೊತ್ತು ತಂದಿದ್ದರು. ಅಂದಿನಿಂದ ಇಂದಿನವರೆಗೆ ಬೆಳಗಿನ ಜಾವದಲ್ಲಿ ಆ ಒಲೆಗೆ ಬೆಂಕಿಯಿಟ್ಟವಳು ಆಕೆಯೇ. ಒಣಗಿದ ಮಡಲು, ತೆಂಗಿನ ಸಿಪ್ಪೆ, ಗೆರಟೆ. ತೋಟ ಉದುರಿಸಿದ್ದೇ ಉರುವಲು. ಒಲೆಯ ಬೂದಿ ಮರಳಿ ತೋಟಕ್ಕೆ, ಮಿಂದ ನೀರು ಹಿತ್ತಿಲಿನ ಬಾಳೆ ಕೆಸುವುಗಳಿಗೆ. ಬಾಣಂತಿಯರಿಗೆ ಎರೆದದ್ದು, ಮಕ್ಕಳ ಮೈಯುಜ್ಜಿದ್ದು, ಗಂಡನ ಕೊನೆಯ ಸ್ನಾನಕ್ಕೆ ನೀರು ತೆಗೆದುಕೊಟ್ಟದ್ದು, ಎಲ್ಲವೂ ಆ ಹಂಡೆಯಿಂದಲೇ. ಸೊಸೆ ಬಾಗಿಲಲ್ಲಿ ನಿಂತು ನೋಡಿದಳು. ಅತ್ತೆ ತಿಕ್ಕುತ್ತಿದ್ದುದು ಹೊಳಪಿಗಾಗಿ ಅಲ್ಲವೆಂದು ಆಕೆಗೆ ಅನ್ನಿಸಿತು.

ಮರುದಿನ ಮೇಸ್ತ್ರಿ ಬಂದ. ಹೊಸ ತೊಟ್ಟಿಯ ಗಾತ್ರ ಕಣ್ಣಿಗೆ ಕಾಣಲೆಂದು ಅಣ್ಣ ಬಚ್ಚಲುಮನೆಯ ಮುಂದೆ ನಾಲ್ಕು ಗೂಟಗಳನ್ನು ನೆಟ್ಟು, ಮೂರು ಅಡಿಯ ಎತ್ತರಕ್ಕೆ ಬಿದಿರಿನ ಗಳಗಳನ್ನು ಸುತ್ತಲೂ ಕಟ್ಟಿ ತೋರಿಸುತ್ತಿದ್ದ. ಅದೇ ಹೊತ್ತಿಗೆ ಅಮ್ಮ ಗೆರಟೆಯ ಬುಟ್ಟಿಯೊಡನೆ ಒಲೆಯ ಕಡೆಗೆ ಬಂದಳು. ಗಳ ಸೊಂಟಕ್ಕೆ ತಾಗಿತು. ಆಕೆ ನಿಂತಳು. ಬುಟ್ಟಿಯನ್ನು ಕೆಳಗಿರಿಸಿ, ಗಳದ ಮೇಲೆ ಕೈಯೂರಿ, ಒಂದು ಕಾಲನ್ನು ಎತ್ತಿ ನೋಡಿದಳು. ಪಾದ ಒಂದು ಗೇಣು ಮೇಲಕ್ಕೆ ಬಂದು ನಿಂತಿತು.

“ಮಗಾ, ಇದರ ಒಳಗೆ ನಾನು ಹೋಗುವುದು ಹೇಗೆ?”

ಪ್ರಶ್ನೆಯಲ್ಲಿ ಮುನಿಸಿರಲಿಲ್ಲ, ಅಣಕವಿರಲಿಲ್ಲ. ಅದಕ್ಕೆ ಉತ್ತರವೂ ಇರಲಿಲ್ಲ. ಹದಿನೈದು ದಿನಗಳಿಂದ ಆ ಮನೆಯವರು ಓಣಿಯನ್ನು ಅಳೆದಿದ್ದರು, ನೆಲವನ್ನು ಅಳೆದಿದ್ದರು, ಬಾವಿಯ ನೀರನ್ನೂ ಮೀಟರಿನ ಹೊರೆಯನ್ನೂ ಅಳೆದಿದ್ದರು. ಅಮ್ಮನ ಹೆಜ್ಜೆಯನ್ನು ಮಾತ್ರ ಯಾರೂ ಅಳೆದಿರಲಿಲ್ಲ.

ರಾತ್ರಿ ಅಣ್ಣತಮ್ಮಂದಿರಿಗೆ ಫೋನಿನಲ್ಲಿ ಮಾತು ಬೆಳೆಯಿತು. “ಮೊದಲೇ ಹೇಳಬಾರದಿತ್ತೇ?” ಎಂದ ತಮ್ಮ. “ಕೊಳ್ಳುವ ಮೊದಲು ನೀನು ಕೇಳಿದೆಯಾ?” ಎಂದ ಅಣ್ಣ. ಒಬ್ಬನಿಗೆ ತನ್ನ ಪ್ರೀತಿಗೆ ಬೆಲೆಯಿಲ್ಲವೆಂಬ ನೋವು. ಇನ್ನೊಬ್ಬನಿಗೆ, ದಿನವೂ ಅಮ್ಮನ ಜೊತೆಗಿದ್ದೂ ಆಕೆಯ ಕಾಲು ಎಷ್ಟು ಸೋತಿದೆಯೆಂಬುದನ್ನು ಕಾಣದೆ ಹೋದೆನೆಂಬ ನಾಚಿಕೆ. ನಡುವೆ ಅಮ್ಮ ಫೋನನ್ನು ತೆಗೆದುಕೊಂಡು, “ನೀವಿಬ್ಬರೂ ನನ್ನನ್ನು ಕೇಳಲಿಲ್ಲ. ಈಗ ಕೇಳಿ, ಹೇಳುತ್ತೇನೆ” ಎಂದಳು. ಆಕೆ ಹೇಳಿದ್ದು ಎರಡೇ ಮಾತು. ಬಚ್ಚಲುಮನೆಯನ್ನು ಕೆಡವಬೇಡಿ. ತೊಟ್ಟಿಯನ್ನು ಹಿಂದಕ್ಕೆ ಕಳುಹಿಸಲೂ ಬೇಡಿ. ಮಗ ಪ್ರೀತಿಯಿಂದ ಕೊಂಡದ್ದು.

ಇಂತಹ ತೊಟ್ಟಿಗಳ ಕುಲಗೋತ್ರವನ್ನು ಕೆದಕಿದರೆ ಅಲ್ಲಿಯೂ ದೊರೆಯುವುದು ಇದೇ ಬಗೆಯ ವಾತ್ಸಲ್ಯ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಇಟಲಿಯಿಂದ ಹೋಗಿ ನೆಲೆಸಿದ ಜಕೂಝಿ ಎಂಬ ಮನೆತನದವರು ಪಂಪುಗಳನ್ನು ತಯಾರಿಸುತ್ತಿದ್ದರು. ಅವರಲ್ಲಿ ಕ್ಯಾಂಡಿಡೊ ಜಕೂಝಿ ಎಂಬವರ ಎಳೆಯ ಮಗನಿಗೆ ಸಂಧಿವಾತ ತಗುಲಿತು. ಆಸ್ಪತ್ರೆಯ ಜಲಚಿಕಿತ್ಸೆಯಿಂದ ಮಗುವಿಗೆ ಹಿತವಾಗುವುದನ್ನು ಕಂಡು, 1940ರ ದಶಕದಲ್ಲಿ ಮನೆಯ ಸ್ನಾನದ ತೊಟ್ಟಿಯೊಳಗೇ ಇಳಿಸಬಹುದಾದ ಸಣ್ಣ ಪಂಪನ್ನು ಅವರು ರೂಪಿಸಿದರು. 1956ರಲ್ಲಿ ಅದು ಮಾರಾಟಕ್ಕೂ ಬಂದಿತು. ಪಂಪನ್ನು ಒಡಲಲ್ಲೇ ಅಡಗಿಸಿಕೊಂಡ ತೊಟ್ಟಿಯನ್ನು ಅದೇ ಮನೆತನದ ರಾಯ್ ಜಕೂಝಿ 1968ರಲ್ಲಿ ಹೊರತಂದರು. ತಂದೆ ಮೊದಲು ನೋಡಿದ್ದು ಮಗುವನ್ನು. ಯಂತ್ರ ಆಮೇಲೆ ಬಂದಿತು. ಸವಣೂರಿನಲ್ಲಿ ಯಂತ್ರ ಮೊದಲು ಬಂದಿತ್ತು.

ದಾರಿ ತೋರಿಸಿದವನು ಮೇಸ್ತ್ರಿ. ಅಂಗಳದ ಪಡುವಣ ಅಂಚಿನಲ್ಲಿ ನೆಲ ಒಮ್ಮೆಲೇ ಮೂರು ಅಡಿ ಕೆಳಕ್ಕೆ ಇಳಿಯುತ್ತಿತ್ತು. ಅಲ್ಲಿ ನಿಂತು ಅವನೆಂದ: “ಅಣ್ಣೇರೇ, ಅಮ್ಮ ತೊಟ್ಟಿಯನ್ನು ಹತ್ತುವುದೇಕೆ? ತೊಟ್ಟಿಯೇ ತಗ್ಗಿನಲ್ಲಿ ಕುಳಿತುಕೊಳ್ಳಲಿ.” ಕೆಳಗಿನ ತಟ್ಟಿನಲ್ಲಿ ಒಂದೂವರೆ ಅಡಿ ಎತ್ತರಕ್ಕೆ ಮುರಕಲ್ಲು ಕಟ್ಟಿ, ಮೇಲೆ ಕಾಂಕ್ರೀಟು ಹಾಕಿ ತೊಟ್ಟಿಯನ್ನಿಟ್ಟರೆ, ಅದರ ಅಂಚು ಅಂಗಳದಿಂದ ಒಂದೂವರೆ ಅಡಿ ಮಾತ್ರ ಮೇಲಿರುತ್ತದೆ. ಅದು ಕುರ್ಚಿಯ ಎತ್ತರ. ಅಂಚಿಗೆ ಹೊಂದಿಕೊಂಡು ಒಂದು ಕಟ್ಟೆ. ಅಮ್ಮ ಕಟ್ಟೆಯ ಮೇಲೆ ಕುಳಿತು, ಸೊಸೆಯ ಸಹಾಯದಿಂದ ಒಂದೊಂದಾಗಿ ಕಾಲುಗಳನ್ನು ಒಳಕ್ಕೆ ತಿರುಗಿಸಿ, ಉಕ್ಕಿನ ಕಂಬಿಯನ್ನು ಹಿಡಿದು ಒಳಗಿನ ಆಸನಕ್ಕೆ ಇಳಿಯಬಹುದು. ಪಂಪು ಕೆಟ್ಟರೆ ಕೆಳಗಿನ ಕಡೆಯಿಂದ ಬಿಚ್ಚಿ ನೋಡಲೂ ಎಡೆಯಿರುತ್ತದೆ.

ಲಾರಿಯ ದಿನವನ್ನು ಒಂದು ತಿಂಗಳು ಮುಂದೂಡಿದರು. ಕಾಂಕ್ರೀಟಿಗೆ ನೀರುಣಿಸಿ, ಪೂರ್ಣ ಬಲ ಬರಲೆಂದು 28 ದಿನ ಕಾದರು. ಆ ಬಿಡುವಿನಲ್ಲಿ, ಮೊದಲೇ ಮಾಡಬೇಕಾಗಿದ್ದ ಇನ್ನೊಂದು ಕೆಲಸವೂ ನಡೆಯಿತು: ಅಮ್ಮನನ್ನು ಪುತ್ತೂರಿನ ವೈದ್ಯರ ಬಳಿಗೆ ಕರೆದೊಯ್ದರು. ರಕ್ತದೊತ್ತಡದ ಮಾತ್ರೆ ಸೇವಿಸುವವರು ಬಿಸಿನೀರಿನಿಂದ ಥಟ್ಟನೆ ಎದ್ದರೆ ತಲೆಸುತ್ತು ಬರಬಹುದೆಂದು ಅವರು ಎಚ್ಚರಿಸಿದರು. ತೊಟ್ಟಿ 40 ಡಿಗ್ರಿಯವರೆಗೆ ಕಾಯಬಲ್ಲುದಾದರೂ ಅಮ್ಮನಿಗೆ 37 ಸಾಕು, ಹತ್ತು ನಿಮಿಷ ಮಾತ್ರ, ಒಬ್ಬಳೇ ಇಳಿಯಬಾರದು.

ಕೈಪಿಡಿಯಲ್ಲಿ ಮತ್ತೊಂದು ನಿಯಮವಿತ್ತು. ತೊಟ್ಟಿಗೆ ಇಳಿಯುವ ಮುನ್ನ ಮೈಯನ್ನು ಚೆನ್ನಾಗಿ ತೊಳೆದುಕೊಂಡಿರಬೇಕು. ಎಣ್ಣೆ, ಸಾಬೂನುಗಳ ಅಂಶ ನೀರಿಗೆ ಸೇರಬಾರದು. ಸೊಸೆ ಅದನ್ನು ಗಟ್ಟಿಯಾಗಿ ಓದಿದಳು. ಅಮ್ಮ ನಕ್ಕಳು. “ಹಾಗಾದರೆ ಮೊದಲು ಬಚ್ಚಲಿನಲ್ಲಿ ಮಿಂದೇ ಇದಕ್ಕೆ ಬರಬೇಕು!” ಕೆಡವಲು ಹೊರಟಿದ್ದ ಬಚ್ಚಲುಮನೆಯೇ ಹೊಸ ತೊಟ್ಟಿಯ ಹೆಬ್ಬಾಗಿಲಾಯಿತು.

ಮಳೆ ನಿಂತ ಮೇಲೆ ತೊಟ್ಟಿ ಬಂದಿತು. ಅಡಕೆ ಮರದ ತುಂಡುಗಳನ್ನು ಅಡಿಗಿಟ್ಟು ಉರುಳಿಸುತ್ತ, ಎಂಟು ಜನ ಸೇರಿ, ಹಂಡೆ ಬಂದ ಓಣಿಯಲ್ಲಿಯೇ ಅದನ್ನು ತಂದರು. ತಮ್ಮ ಬೆಂಗಳೂರಿನಿಂದ ಬಂದು ತಾನೇ ಹೆಗಲು ಕೊಟ್ಟ. ನರಕಚತುರ್ದಶಿಯ ಹಿಂದಿನ ದಿನ, ನೀರು ತುಂಬುವ ಸಂಜೆ, ಅಮ್ಮ ಎಂದಿನಂತೆ ಹಂಡೆಗೆ ಸೇಡಿಯ ಗೆರೆಗಳನ್ನು ಬರೆದು ಕೊರಳಿಗೆ ಬಳ್ಳಿ ಸುತ್ತಿದಳು. ಅಂಗಳದಂಚಿನಲ್ಲಿ ಹೊಸ ತೊಟ್ಟಿಯೂ ತುಂಬುತ್ತಿತ್ತು.

“ಅತ್ತೆ, ಇದಕ್ಕೂ ಬಳ್ಳಿ ಕಟ್ಟುವುದೇ?” ಎಂದು ಸೊಸೆ ಕೇಳಿದಳು.

ಅಮ್ಮ ತೊಟ್ಟಿಯನ್ನು ಸುತ್ತಲೂ ನೋಡಿದಳು. “ಕಟ್ಟಬಹುದಿತ್ತು. ಆದರೆ ಇದಕ್ಕೆ ಕೊರಳೆಲ್ಲಿದೆ?” ಎಂದಳು. ಸ್ವಲ್ಪ ಹೊತ್ತಾದ ಮೇಲೆ ಕಟ್ಟೆಯ ಮೇಲೆ ಕುಳಿತು, ಉಳಿದಿದ್ದ ಒಂದು ಎಳೆ ಬಳ್ಳಿಯನ್ನು ತಾನು ಹಿಡಿದು ಇಳಿಯಬೇಕಾದ ಉಕ್ಕಿನ ಕಂಬಿಗೆ ಸುತ್ತಿದಳು.